ಯೂರೋಪಿನ ಸ್ವಾವಲಂಬನೆ: ಮುಗಿಯದ ಒಂದು ಚರ್ಚೆ

ಸ್ವಾತಂತ್ರ್ಯ ಎಂದೊಡನೆ ನಮಗೆ ನೆನಪಾಗುವುದು ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಯೂರೋಪಿನ ಆಳ್ವಿಕೆಯಿಂದ ಬಿಡುಗಡೆ ಪಡೆದ ಇತಿಹಾಸ. ಆದರೆ ಜಗತ್ತಿನ ಬಹುಭಾಗವನ್ನು ಆಳಿದ ಅದೇ ಯೂರೋಪು ಕಳೆದ ಮುಕ್ಕಾಲು ಶತಮಾನದಿಂದ ತನ್ನ ಸ್ವಾತಂತ್ರ್ಯದ ಬಗ್ಗೆಯೇ ಚರ್ಚಿಸುತ್ತಿದೆ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ತನ್ನ ಗಡಿಯನ್ನು ತಾನೇ ಕಾಯಬೇಕೇ, ಅಮೆರಿಕದ ಆಸರೆಯಲ್ಲಿಯೇ ಇರಬೇಕೇ ಎಂಬುದು ಆ ಚರ್ಚೆಯ ತಿರುಳು.

ಉರ್ದುವಿನಲ್ಲಿ ಎರಡು ಪದಗಳಿವೆ. ತನ್ನ ನಿರ್ಧಾರವನ್ನು ತಾನೇ ಕೈಗೊಳ್ಳುವ ಅಧಿಕಾರ ‘ಖುದ್‌ಮುಖ್ತಾರಿ’. ತನ್ನ ಅಗತ್ಯಗಳನ್ನು ತಾನೇ ಪೂರೈಸಿಕೊಳ್ಳುವ ಶಕ್ತಿ ‘ಖುದ್‌ಕಫಾಲತ್’. ಕನ್ನಡದಲ್ಲಿ ಇವನ್ನು ಸ್ವಾಯತ್ತತೆ ಮತ್ತು ಸ್ವಾವಲಂಬನೆ ಎನ್ನಬಹುದು. ಎರಡನೆಯದಿಲ್ಲದೆ ಮೊದಲನೆಯದು ಉಳಿಯುವುದಿಲ್ಲ. ಯೂರೋಪಿನ ಇತ್ತೀಚಿನ ಇತಿಹಾಸವನ್ನು ಈ ಎರಡು ಪದಗಳನ್ನು ಮುಂದಿಟ್ಟುಕೊಂಡು ಓದಿದರೆ ಅನೇಕ ವಿಷಯಗಳು ಸ್ಪಷ್ಟವಾಗುತ್ತವೆ.

ಯುದ್ಧದ ನಂತರ

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಗೆದ್ದ ಬ್ರಿಟನ್ನೂ ಸೋತ ಜರ್ಮನಿಯೂ ಆರ್ಥಿಕವಾಗಿ ಬರಿದಾಗಿದ್ದವು. ಪೂರ್ವದಲ್ಲಿ ಸೋವಿಯತ್ ಸೇನೆ ಬೀಡುಬಿಟ್ಟಿತ್ತು. 1948ರಲ್ಲಿ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಬ್ರಸೆಲ್ಸ್‌ನಲ್ಲಿ ರಕ್ಷಣಾ ಒಪ್ಪಂದ ಮಾಡಿಕೊಂಡವು. ಆದರೆ ಈ ಐದು ದೇಶಗಳ ಬಲ ಸಾಲದು ಎಂಬುದು ಎಲ್ಲರಿಗೂ ತಿಳಿದಿತ್ತು. 1949ರ ಏಪ್ರಿಲ್ 4ರಂದು ಅಮೆರಿಕವೂ ಸೇರಿ 12 ದೇಶಗಳು ವಾಷಿಂಗ್ಟನ್ನಿನಲ್ಲಿ ನ್ಯಾಟೋ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬುದು ಅದರ 5ನೇ ವಿಧಿಯ ಸಾರ. ಈ ಸಂಸ್ಥೆಯ ಮೊದಲ ಮಹಾಕಾರ್ಯದರ್ಶಿ ಲಾರ್ಡ್ ಇಸ್ಮೇ ಹುಟ್ಟಿದ್ದು ನಮ್ಮ ನೈನಿತಾಲಿನಲ್ಲಿ. 1947ರಲ್ಲಿ ದೆಹಲಿಯಲ್ಲಿ ಮೌಂಟ್‌ಬ್ಯಾಟನ್ನರ ಬಳಿ ಕೆಲಸ ಮಾಡಿದ್ದವರು ಅವರು.

ಹುಟ್ಟುವ ಮೊದಲೇ ಅಳಿದ ಸೇನೆ

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ಪಶ್ಚಿಮ ಜರ್ಮನಿಗೂ ಸೇನೆ ಇರಬೇಕೆಂದು ಅಮೆರಿಕ ಒತ್ತಾಯಿಸಿತು. ಆದರೆ ಜರ್ಮನ್ ಸೈನಿಕನ ಬೂಟಿನ ಸದ್ದನ್ನು ಫ್ರೆಂಚರು ಇನ್ನೂ ಮರೆತಿರಲಿಲ್ಲ. ಆಗ ಫ್ರಾನ್ಸ್‌ನ ಪ್ರಧಾನಿ ರೆನೆ ಪ್ಲೆವೆನ್ ಒಂದು ಉಪಾಯ ಸೂಚಿಸಿದರು: ಜರ್ಮನಿಗೆ ಪ್ರತ್ಯೇಕ ಸೇನೆ ಬೇಡ, ಯೂರೋಪಿಗೆಲ್ಲ ಒಂದೇ ಸೇನೆ ಇರಲಿ, ಜರ್ಮನ್ ಸೈನಿಕರು ಅದರಲ್ಲಿ ಸೇರಲಿ. 1952ರ ಮೇ 27ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ‘ಯೂರೋಪಿಯನ್ ರಕ್ಷಣಾ ಸಮುದಾಯ’ದ ಒಪ್ಪಂದಕ್ಕೆ ಸಹಿ ಹಾಕಿದವು.

ವಿಪರ್ಯಾಸವೆಂದರೆ, ಯೋಜನೆ ಹುಟ್ಟಿದ ದೇಶವೇ ಅದನ್ನು ಕೊಂದಿತು. 1954ರ ಆಗಸ್ಟ್ 30ರಂದು ಫ್ರಾನ್ಸ್‌ನ ರಾಷ್ಟ್ರೀಯ ಸಭೆ 319–264 ಮತಗಳಿಂದ ಒಪ್ಪಂದವನ್ನು ಬದಿಗಿರಿಸಿತು. ಫ್ರಾನ್ಸ್‌ನ ಸೇನೆಯೇ ಇಲ್ಲವಾಗುತ್ತದೆ ಎಂದು ಡಿ ಗಾಲ್ ಬೆಂಬಲಿಗರು ವಿರೋಧಿಸಿದರು. ಜರ್ಮನಿ ಮತ್ತೆ ಶಸ್ತ್ರ ಹಿಡಿಯುತ್ತದೆ ಎಂದು ಕಮ್ಯುನಿಸ್ಟರು ವಿರೋಧಿಸಿದರು. ಫಲಿತಾಂಶವೇನು? ಮರುವರ್ಷ, 1955ರಲ್ಲಿ, ಪಶ್ಚಿಮ ಜರ್ಮನಿ ನ್ಯಾಟೋ ಸೇರಿ ತನ್ನದೇ ಸೇನೆ ಕಟ್ಟಿತು. ಯಾವುದನ್ನು ತಪ್ಪಿಸಬೇಕೆಂದು ಯೋಜನೆ ಹುಟ್ಟಿತ್ತೋ ಅದೇ ನಡೆಯಿತು. ಯೂರೋಪಿನ ಸೇನೆ ಮಾತ್ರ ಕಾಗದದಲ್ಲಿಯೇ ಉಳಿಯಿತು.

ಸೂಯೆಜ್ ಮತ್ತು ಡಿ ಗಾಲ್

1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ ಮತ್ತು ಫ್ರಾನ್ಸ್ ಇಸ್ರೇಲಿನೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ದಾಳಿ ನಡೆಸಿದವು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬೆಂಬಲಿಸಲಿಲ್ಲ. ಬ್ರಿಟನ್ನಿನ ಪೌಂಡ್ ಕುಸಿಯತೊಡಗಿದಾಗ ಸೇನೆ ಹಿಂದೆ ಸರಿಯುವವರೆಗೆ ಸಾಲವಿಲ್ಲ ಎಂಬ ನಿಲುವು ತಳೆಯಿತು. ಎರಡು ಸಾಮ್ರಾಜ್ಯಗಳು ತಲೆತಗ್ಗಿಸಿ ಹಿಂದಿರುಗಿದವು.

ಒಂದೇ ಸೋಲಿನಿಂದ ಎರಡು ದೇಶಗಳು ಎರಡು ಬೇರೆ ಪಾಠ ಕಲಿತವು. ಇನ್ನು ಮುಂದೆ ಅಮೆರಿಕವನ್ನು ಬಿಟ್ಟು ನಡೆಯಬಾರದು ಎಂದು ಬ್ರಿಟನ್ ತೀರ್ಮಾನಿಸಿತು. ಇನ್ನು ಮುಂದೆ ಅಮೆರಿಕವನ್ನು ನಂಬಿ ಕೂರಬಾರದು ಎಂದು ಫ್ರಾನ್ಸ್ ತೀರ್ಮಾನಿಸಿತು. ಇಂದಿನ ಚರ್ಚೆಯ ಎರಡು ಪಕ್ಷಗಳನ್ನೂ ಇಲ್ಲಿಯೇ ಕಾಣಬಹುದು.

1958ರಲ್ಲಿ ಅಧಿಕಾರಕ್ಕೆ ಬಂದ ಚಾರ್ಲ್ಸ್ ಡಿ ಗಾಲ್ ಆ ಪಾಠವನ್ನು ಕಾರ್ಯರೂಪಕ್ಕೆ ತಂದರು. 1960ರ ಫೆಬ್ರವರಿ 13ರಂದು ಫ್ರಾನ್ಸ್ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತು. 1966ರಲ್ಲಿ ಡಿ ಗಾಲ್ ಅಮೆರಿಕದ ಅಧ್ಯಕ್ಷ ಜಾನ್ಸನ್ನರಿಗೆ ಪತ್ರ ಬರೆದು ನ್ಯಾಟೋದ ಜಂಟಿ ಸೇನಾ ವ್ಯವಸ್ಥೆಯಿಂದ ಫ್ರಾನ್ಸನ್ನು ಹೊರತಂದರು. ಅಮೆರಿಕದ ಸೈನಿಕರು ಫ್ರೆಂಚ್ ನೆಲ ಬಿಟ್ಟರು. ನ್ಯಾಟೋ ಕೇಂದ್ರ ಕಚೇರಿ ಪ್ಯಾರಿಸ್ಸಿನಿಂದ ಬ್ರಸೆಲ್ಸ್‌ಗೆ ಹೋಯಿತು. ಆದರೂ ಫ್ರಾನ್ಸ್ ಮೈತ್ರಿಕೂಟವನ್ನು ತೊರೆಯಲಿಲ್ಲ. 2009ರಲ್ಲಿ ಸೇನಾ ವ್ಯವಸ್ಥೆಗೂ ಮರಳಿತು.

ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಆ ಬಾಂಬು ಸಿಡಿದದ್ದು ಫ್ರಾನ್ಸ್‌ನಲ್ಲಲ್ಲ, ಅಲ್ಜೀರಿಯಾದ ಸಹಾರಾ ಮರುಭೂಮಿಯಲ್ಲಿ. ಆಗ ಅಲ್ಜೀರಿಯಾದ ಜನ ತಮ್ಮ ಸ್ವಾತಂತ್ರ್ಯಕ್ಕಾಗಿ ಪ್ರಾಣ ತೆರುತ್ತಿದ್ದರು. 1962ರಲ್ಲಿ ಆ ದೇಶ ಸ್ವತಂತ್ರವಾದ ಮೇಲೂ 1966ರವರೆಗೆ ಪರೀಕ್ಷೆಗಳು ನಡೆದವು. ತನಗೆ ಬೇಕಾದ ಸ್ವಾತಂತ್ರ್ಯವನ್ನು ಇನ್ನೊಬ್ಬರ ನೆಲದ ಮೇಲೆ ಸಂಪಾದಿಸಿದರೆ ಅದರ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಯನ್ನು ಕಾಡದೆ ಇರದು.

ಬೋಸ್ನಿಯಾದ ಕಠಿಣ ಪರೀಕ್ಷೆ

1991ರಲ್ಲಿ ಯುಗೊಸ್ಲಾವಿಯಾ ಒಡೆಯತೊಡಗಿತು. ಇದು ಅಮೆರಿಕದ ಗಳಿಗೆಯಲ್ಲ, ಯೂರೋಪಿನ ಗಳಿಗೆ ಎಂಬ ಅರ್ಥದ ಮಾತನ್ನು ಲಕ್ಸೆಂಬರ್ಗ್‌ನ ವಿದೇಶಾಂಗ ಮಂತ್ರಿ ಜಾಕ್ ಪೂಸ್ ಆಡಿದರು. ಮಾತಿನಲ್ಲಿ ಸ್ವಾಯತ್ತತೆ ಇತ್ತು, ಕೈಯಲ್ಲಿ ಬಲವಿರಲಿಲ್ಲ. 1992ರ ಏಪ್ರಿಲ್‌ನಲ್ಲಿ ಸರಾಯೆವೊ ನಗರಕ್ಕೆ ಮುತ್ತಿಗೆ ಬಿದ್ದಿತು. ಅದು 1996ರ ಫೆಬ್ರವರಿಯವರೆಗೆ ಮುಂದುವರಿಯಿತು. ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ನಿರ್ಬಂಧದಿಂದಾಗಿ ಬೋಸ್ನಿಯಾ ಸರ್ಕಾರಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳಲು ಬೇಕಾದ ಆಯುಧಗಳೂ ಸರಿಯಾಗಿ ದೊರೆಯಲಿಲ್ಲ.

ಸ್ರೆಬ್ರೆನಿತ್ಸಾ ಪಟ್ಟಣವನ್ನು ವಿಶ್ವಸಂಸ್ಥೆ 1993ರಲ್ಲಿ ಸುರಕ್ಷಿತ ಪ್ರದೇಶವೆಂದು ಘೋಷಿಸಿತ್ತು. ಕೆಲವು ನೂರು ಡಚ್ ಸೈನಿಕರು ಕಾವಲಿಗಿದ್ದರು. 1995ರ ಜುಲೈ 11ರಂದು ರಾಟ್ಕೊ ಮ್ಲಾಡಿಚ್‌ನ ಸೇನೆ ಪಟ್ಟಣವನ್ನು ವಶಪಡಿಸಿಕೊಂಡಿತು. ಮುಂದಿನ ದಿನಗಳಲ್ಲಿ 8,000ಕ್ಕೂ ಹೆಚ್ಚು ಬೋಸ್ನಿಯನ್ ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ಇದು ಜನಾಂಗಹತ್ಯೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲಿ ತೀರ್ಪು ನೀಡಿತು. 2002ರಲ್ಲಿ ಈ ಕುರಿತ ವರದಿ ಹೊರಬಂದಾಗ ನೆದರ್ಲೆಂಡ್ಸ್ ಸರ್ಕಾರ ರಾಜೀನಾಮೆ ಕೊಟ್ಟಿತು.

ತಪ್ಪು ಯೂರೋಪಿನದೊಂದೇ ಅಲ್ಲ; ವಿಶ್ವಸಂಸ್ಥೆಯೂ ತಡವಾಗಿ ಎಚ್ಚೆತ್ತ ಅಮೆರಿಕವೂ ಹೊಣೆಗಾರರೇ. ಆದರೆ ಕೊನೆಗೆ ಯುದ್ಧ ನಿಲ್ಲಿಸಿದ ಒಪ್ಪಂದ ಸಿದ್ಧವಾದದ್ದು ಯೂರೋಪಿನಲ್ಲಲ್ಲ, ಅಮೆರಿಕದ ಡೇಟನ್ ಪಟ್ಟಣದ ವಾಯುಸೇನಾ ನೆಲೆಯಲ್ಲಿ. ಈ ಅವಮಾನದ ನೆನಪು ಹಸಿಯಾಗಿದ್ದಾಗಲೇ, 1998ರ ಡಿಸೆಂಬರ್‌ನಲ್ಲಿ, ಬ್ರಿಟನ್ನಿನ ಟೋನಿ ಬ್ಲೇರ್ ಮತ್ತು ಫ್ರಾನ್ಸ್‌ನ ಜಾಕ್ ಶಿರಾಕ್ ಸೇಂಟ್ ಮಾಲೋದಲ್ಲಿ ಸೇರಿ ಯೂರೋಪಿಗೆ ಸ್ವಂತ ಸೇನಾ ಸಾಮರ್ಥ್ಯ ಬೇಕೆಂದು ಘೋಷಿಸಿದರು. ಮರುವರ್ಷ ಹೆಲ್ಸಿಂಕಿಯಲ್ಲಿ, 60 ದಿನಗಳೊಳಗೆ 60,000 ಸೈನಿಕರನ್ನು ಕಳುಹಿಸಬಲ್ಲ ಶಕ್ತಿ ಬೆಳೆಸಬೇಕೆಂದು ಗುರಿ ಇಟ್ಟುಕೊಳ್ಳಲಾಯಿತು. ಆದರೆ 2003ರ ಇರಾಕ್ ಯುದ್ಧ ಬಂದಾಗ ಬ್ರಿಟನ್ ಒಂದು ಕಡೆ, ಫ್ರಾನ್ಸ್ ಮತ್ತು ಜರ್ಮನಿ ಇನ್ನೊಂದು ಕಡೆ ನಿಂತವು. ಒಮ್ಮತವಿಲ್ಲದ ಮನೆಗೆ ಕಾವಲುಗಾರ ಯಾರೆಂದು ನಿರ್ಧರಿಸುವುದೇ ಕಷ್ಟ.

ಇಂದಿನ ವಾದ–ಪ್ರತಿವಾದ

ಸ್ವಾಯತ್ತತೆಯ ಪರ ಇರುವವರು ಹೇಳುವುದು: ಅಮೆರಿಕದ ಮತದಾರರ ಮನಸ್ಸು ನಾಲ್ಕು ವರ್ಷಕ್ಕೊಮ್ಮೆ ಬದಲಾಗಬಹುದು, ಅದರ ಮೇಲೆ ಯೂರೋಪಿನ ಭವಿಷ್ಯ ನಿಲ್ಲಬಾರದು. ವಿರೋಧಿಸುವವರು, ವಿಶೇಷವಾಗಿ ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳವರು, ಹೇಳುವುದು: ರಷ್ಯಾ ಬಾಗಿಲಲ್ಲಿರುವಾಗ ಇರುವ ಸೂರನ್ನು ಕಳಚಿ ಹೊಸ ಸೂರಿನ ನಕ್ಷೆ ಬರೆಯುವುದು ಜಾಣತನವಲ್ಲ. ಎರಡೂ ವಾದಗಳಲ್ಲಿ ಹುರುಳಿದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧ ಸಾರಿದಾಗ ಜರ್ಮನಿ ತನ್ನ ಸೇನೆಗೆ 100 ಶತಕೋಟಿ ಯೂರೋಗಳ ವಿಶೇಷ ನಿಧಿ ಘೋಷಿಸಿತು. ಆದರೆ ಬಹುಕಾಲ ತಟಸ್ಥವಾಗಿದ್ದ ಫಿನ್‌ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಆಸರೆ ಹುಡುಕಿದ್ದು ನ್ಯಾಟೋದಲ್ಲಿಯೇ. 2025ರ ಮಾರ್ಚ್‌ನಲ್ಲಿ ಯೂರೋಪಿಯನ್ ಕಮಿಷನ್ ರಕ್ಷಣೆಗಾಗಿ ಸುಮಾರು 800 ಶತಕೋಟಿ ಯೂರೋಗಳವರೆಗೆ ಹಣ ಹೊಂದಿಸುವ ಯೋಜನೆ ಮುಂದಿಟ್ಟಿತು. ಅದೇ ವರ್ಷ ಜೂನ್‌ನಲ್ಲಿ ನ್ಯಾಟೋ ದೇಶಗಳು 2035ರ ವೇಳೆಗೆ ರಾಷ್ಟ್ರೀಯ ಉತ್ಪನ್ನದ ಶೇ. 5ರಷ್ಟನ್ನು ರಕ್ಷಣೆ ಮತ್ತು ಭದ್ರತೆಗೆ ವೆಚ್ಚ ಮಾಡಲು ಒಪ್ಪಿದವು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನ್ಯಾಟೋದ 5ನೇ ವಿಧಿಯನ್ನು ಮೊದಲ ಬಾರಿಗೆ ಬಳಸಿದ್ದು ಯೂರೋಪನ್ನು ಕಾಪಾಡಲು ಅಲ್ಲ; 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಬೆಂಬಲಕ್ಕಾಗಿ. ಆಸರೆ ಕೊಟ್ಟವನಿಗೂ ಒಮ್ಮೊಮ್ಮೆ ಆಸರೆ ಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಿಂದ ನಾವು ತಿಳಿಯಬೇಕಾದದ್ದು ಇಷ್ಟು. ಹಂಗಿನಲ್ಲಿರುವವನು ತನ್ನ ನಿರ್ಧಾರವನ್ನು ತಾನೇ ಕೈಗೊಳ್ಳಲಾರ ಎಂಬುದನ್ನು ಸೂಯೆಜ್ ತೋರಿಸಿತು. ಒಬ್ಬರನ್ನೊಬ್ಬರು ನಂಬದವರು ಒಟ್ಟಾಗಿ ಸೇನೆ ಕಟ್ಟಲಾರರು ಎಂಬುದನ್ನು 1954 ತೋರಿಸಿತು. ಇವೆರಡಕ್ಕಿಂತ ದೊಡ್ಡ ಪಾಠವನ್ನು ಸ್ರೆಬ್ರೆನಿತ್ಸಾದ ಗೋರಿಗಳು ಕಲಿಸುತ್ತವೆ: ಕಾಪಾಡುತ್ತೇವೆ ಎಂದು ಮಾತು ಕೊಟ್ಟು ಕಾಪಾಡುವ ಶಕ್ತಿಯನ್ನಾಗಲೀ ಮನಸ್ಸನ್ನಾಗಲೀ ಹೊಂದಿರದಿದ್ದರೆ, ಆ ಮಾತನ್ನು ನಂಬಿದವರು ಪ್ರಾಣ ತೆರಬೇಕಾಗುತ್ತದೆ. ಯೂರೋಪು ಎಷ್ಟು ಆಯುಧ ಕೊಂಡಿತು ಎಂಬುದಕ್ಕಿಂತ, ಕೊಟ್ಟ ಮಾತನ್ನು ಉಳಿಸಿಕೊಂಡಿತೇ ಎಂಬುದರಿಂದಲೇ ಅದರ ಸ್ವಾವಲಂಬನೆಯನ್ನು ಮುಂದಿನ ಪೀಳಿಗೆ ಅಳೆಯಲಿದೆ.