ತಡವಾಗಿ ಬಂದ ಗೃಹಸ್ಥನ ಮನೆ



ಬಡಗಿಯಾದ ಸಂತ ಜೋಸೆಫರ ಹಬ್ಬವನ್ನು ಕೊಂಡಾಡುವ ಈ ದಿನಗಳಲ್ಲಿ ಮರದಿಂದ ಕಟ್ಟಿದ ಒಂದು ಮನೆಯ ಚರಿತ್ರೆಯನ್ನು ಧ್ಯಾನಿಸೋಣ. ಅದು ನಮ್ಮ ನಾಡಿನದಲ್ಲ, ನಮ್ಮ ಧರ್ಮಸಭೆಯವರದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಡೆಡಮ್ ಎಂಬ ಊರಿನಲ್ಲಿ, ಇಂಗ್ಲೆಂಡಿನಿಂದ ವಲಸೆ ಬಂದ ಜೋನಾಥನ್ ಫೇರ್‌ಬ್ಯಾಂಕ್ಸ್ ಕಟ್ಟಿಸಿದ ಮನೆ ಅದು. ತೊಲೆಗಳಲ್ಲಿರುವ ಮರದ ಉಂಗುರಗಳನ್ನು ಪರೀಕ್ಷಿಸಿದ ತಜ್ಞರು, ಆ ಮರಗಳನ್ನು 1637ರಿಂದ 1641ರ ನಡುವೆ ಕಡಿಯಲಾಯಿತೆಂದು ತಿಳಿಸಿದ್ದಾರೆ. ಉತ್ತರ ಅಮೆರಿಕದಲ್ಲಿ ಇಂದಿಗೂ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಇದೇ ಅತ್ಯಂತ ಹಳೆಯದು.

ಮನೆಯ ನಡುವೆ ದೊಡ್ಡದೊಂದು ಹೊಗೆಗೂಡು. ಅದರ ಒಂದು ಮಗ್ಗುಲಲ್ಲಿ ಅಡುಗೆ, ಊಟ, ಕೆಲಸ ಎಲ್ಲವೂ ನಡೆಯುತ್ತಿದ್ದ ಕೋಣೆ. ಇನ್ನೊಂದು ಮಗ್ಗುಲಲ್ಲಿ ಪಡಸಾಲೆ. ಮೇಲೆ ಮಲಗುವ ಕೋಣೆಗಳು. ಚಳಿನಾಡಿನಲ್ಲಿ ಒಂದೇ ಒಲೆಗೂಡಿನ ಶಾಖ ಎರಡೂ ಕಡೆಗೆ ಸಿಗಬೇಕಲ್ಲವೇ? ಭಾರವನ್ನೆಲ್ಲ ಹೊತ್ತಿರುವುದು ಗೋಡೆಯಲ್ಲ, ಓಕ್ ಮರದ ಕಂಬ ತೊಲೆಗಳು. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಯೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿದಿದ್ದಾರೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸುತ್ತಿಗೆಯ ಬಲದಿಂದ ಅದನ್ನು ಸೇರಿಸಲಾಗದು. ಮತ್ತೆ ಕೆತ್ತಬೇಕು, ಮತ್ತೆ ಕೂರಿಸಿ ನೋಡಬೇಕು.

ಮನೆ ಹೀಗೆ ಎದ್ದು ನಿಂತರೂ ಯಜಮಾನ ಮಾತ್ರ ಊರಿನ ಸಭೆಗೆ ಸೇರಿರಲಿಲ್ಲ. 1638ರಲ್ಲಿ ಆರಂಭವಾದ ಆ ಸಭೆಯ ಸದಸ್ಯನಾಗಲು ತನ್ನ ವಿಶ್ವಾಸದ ಅನುಭವವನ್ನು ಅರಿಕೆ ಮಾಡಿಕೊಳ್ಳಬೇಕಿತ್ತು. ಜೋನಾಥನನ ಮನಸ್ಸು ಒಪ್ಪಲಿಲ್ಲ. ಸಭೆಯ ಸದಸ್ಯರಲ್ಲದವರಿಗೆ ಆ ವಸಾಹತಿನಲ್ಲಿ ಮತದಾನದ ಹಕ್ಕೂ ಇರಲಿಲ್ಲ. ಆದರೂ ಆತ ವರ್ಷಗಟ್ಟಲೆ ದೂರವೇ ಉಳಿದ. ಸಭೆಯವರು ಪ್ರೀತಿಯಿಂದ ಪದೇ ಪದೇ ಮಾತನಾಡಿದರೆಂದು ಅವರ ದಾಖಲೆಯೇ ಹೇಳುತ್ತದೆ. ಕೊನೆಗೆ 1646ರಲ್ಲಿ ಆತ ತನ್ನ ವಿಶ್ವಾಸವನ್ನು ಪ್ರಕಟಪಡಿಸಿದಾಗ ಇಡೀ ಸಭೆ ಸಂತೋಷದಿಂದ ಬರಮಾಡಿಕೊಂಡಿತು.

ಅದೇ ವಸಾಹತು ಮರುವರ್ಷ, 1647ರಲ್ಲಿ, ನಮ್ಮಂಥ ಕಥೋಲಿಕ ಯಾಜಕರು ಕಾಲಿಡಬಾರದೆಂದು ಕಾನೂನು ಮಾಡಿತು. ಗಡೀಪಾರಾದವರು ಮರಳಿ ಬಂದರೆ ಮರಣದಂಡನೆ! ಅಷ್ಟು ಕಠೋರ ಜನರೂ ತಮ್ಮೂರಿನ ಒಬ್ಬ ಗೃಹಸ್ಥನಿಗಾಗಿ ಕಾದರಲ್ಲ ಎಂಬುದೇ ನಮಗೆ ಸೋಜಿಗ. ಹೆಂಡತಿ ಮಕ್ಕಳನ್ನು ಬಲಿಪೂಜೆಗೆ ಕಳುಹಿಸಿ, ತಾವು ದೇವಾಲಯದ ಜಗಲಿಯಲ್ಲೇ ನಿಲ್ಲುವ ಗಂಡಸರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರೊಡನೆ ನಾವು ಎಷ್ಟು ಸಲ ಕುಳಿತು ಮಾತನಾಡಿದ್ದೇವೆ?

ಜೋನಾಥನನ ವಂಶದವರು ಎಂಟು ತಲೆಮಾರು ಆ ಮನೆಯಲ್ಲಿ ಬಾಳಿದರು. ಅಕ್ಕಪಕ್ಕಕ್ಕೆ ಕೋಣೆಗಳು ಸೇರಿದವು, ಹಿಂಬದಿಗೆ ಮಾಡು ಇಳಿಯಿತು. ಕೊನೆಯವರಾದ ರೆಬೆಕಾ ಫೇರ್‌ಬ್ಯಾಂಕ್ಸ್ 1904ರಲ್ಲಿ ಅಲ್ಲಿಂದ ಹೊರಟರು. ಇಂದು ವಂಶಸ್ಥರ ಸಂಘ ಅದನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ.