ಕಾರಿನ ಬಾಗಿಲ ಬೀಗ ಮತ್ತು ಸುರಕ್ಷತಾ ಸಾಧನಗಳು

ಕಾರಿನ ಬಾಗಿಲ ಬೀಗ, ಕೀಲಿಕೈ ಮತ್ತು ಸುರಕ್ಷತಾ ಸಾಧನಗಳು ಎಂದರೆ ವಾಹನವನ್ನು ಕಳ್ಳತನದಿಂದಲೂ ಅದರೊಳಗಿನ ಪ್ರಯಾಣಿಕರನ್ನು ಅಪಾಯದಿಂದಲೂ ಕಾಪಾಡಲು ಅಳವಡಿಸಿರುವ ವ್ಯವಸ್ಥೆಗಳ ಸಮೂಹ. ಮನೆಯ ಬೀಗಕ್ಕೆ ಹೊರಗಿನವರನ್ನು ತಡೆಯುವುದೊಂದೇ ಕೆಲಸ. ಕಾರಿನ ಬೀಗಕ್ಕೆ ಎರಡು ಕೆಲಸಗಳಿವೆ: ಹೊರಗಿನವರು ಒಳಬಾರದಂತೆ ತಡೆಯಬೇಕು, ಒಳಗಿರುವವರು ಅಗತ್ಯ ಬಿದ್ದಾಗ ತಕ್ಷಣ ಹೊರಬರಲು ಅವಕಾಶ ಕೊಡಬೇಕು. ಈ ಎರಡನೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಬಳಕೆದಾರರು ತಿಳಿಯದಿದ್ದರೆ ರಕ್ಷಣೆಯ ಸಾಧನವೇ ಅಪಾಯದ ಕಾರಣವಾಗಬಹುದು. ಕರ್ನಾಟಕದ ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶದ ರಸ್ತೆ ಹಾಗೂ ಹವಾಮಾನವನ್ನು ಗಮನದಲ್ಲಿಟ್ಟುಕೊಂಡು ಈ ಲೇಖನವು ಆ ಸಾಧನಗಳ ರಚನೆ, ಬಳಕೆ ಮತ್ತು ಸಂಬಂಧಿತ ಕಾನೂನನ್ನು ವಿವರಿಸುತ್ತದೆ.

ಹೆಸರುಗಳು

ದಕ್ಷಿಣ ಕರ್ನಾಟಕದಲ್ಲಿ 'ಬೀಗ' ಮತ್ತು 'ಬೀಗದ ಕೈ' ಎಂಬ ಪದಗಳು ರೂಢಿಯಲ್ಲಿವೆ. ಕೊಪ್ಪಳ ಸೇರಿದಂತೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಕೀಲಿ' ಎಂದರೆ ಬೀಗ. ಅದನ್ನು ತೆರೆಯುವ ಸಾಧನ 'ಕೀಲಿಕೈ' ಅಥವಾ 'ಚಾವಿ'. 'ಕೀಲಿ ಹಾಕು' ಎಂದರೆ ಬೀಗ ಹಾಕು ಎಂದೇ ಅರ್ಥ. ಕಾರಿನ ಸಂದರ್ಭದಲ್ಲಿ ಲಾಕ್, ರಿಮೋಟ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಎಂಬ ಪದಗಳು ಎಲ್ಲೆಡೆ ಬಳಕೆಯಲ್ಲಿವೆ.

ಕೊಪ್ಪಳ ಜಿಲ್ಲೆಯ ಸಂದರ್ಭ

ಕೊಪ್ಪಳ ಜಿಲ್ಲೆಯಲ್ಲಿ ನೋಂದಣಿಯಾದ ವಾಹನಗಳಿಗೆ 'ಕೆಎ 37' ಎಂಬ ಸಂಕೇತವಿದೆ. ಹುಬ್ಬಳ್ಳಿ–ಗದಗ–ಹೊಸಪೇಟೆ ಮಾರ್ಗದ ರಾಷ್ಟ್ರೀಯ ಹೆದ್ದಾರಿ 67 ಕೊಪ್ಪಳದ ಮೂಲಕ ಹಾದುಹೋಗುತ್ತದೆ. ವಿಜಯಪುರವನ್ನು ಹೊಸಪೇಟೆ ಹಾಗೂ ಚಿತ್ರದುರ್ಗಕ್ಕೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50 ಕುಷ್ಟಗಿಯನ್ನು ಹಾಯುತ್ತದೆ. ಮುನಿರಾಬಾದಿನ ಬಳಿ ತುಂಗಭದ್ರಾ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯು ಗಂಗಾವತಿ ಭಾಗದ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಅಲ್ಲಿ ಕಾಲುವೆಯ ಪಕ್ಕದ ರಸ್ತೆಗಳು ನಿತ್ಯದ ಓಡಾಟಕ್ಕೆ ಬಳಕೆಯಾಗುತ್ತವೆ. ಯಲಬುರ್ಗಾ ಮತ್ತು ಕುಷ್ಟಗಿ ಭಾಗಗಳು ಬಹುಮಟ್ಟಿಗೆ ಮಳೆಯಾಶ್ರಿತ ಬಯಲುಸೀಮೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಪ್ರದೇಶದ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಹುಲಿಗಿಯ ಹುಲಿಗೆಮ್ಮ ದೇವಸ್ಥಾನ, ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟ, ಕೊಪ್ಪಳದ ಗವಿಮಠ ಮೊದಲಾದ ಸ್ಥಳಗಳಿಗೆ ಬರುವವರ ಕಾರುಗಳು ಗಂಟೆಗಟ್ಟಲೆ ಬಯಲಿನಲ್ಲಿ ನಿಲ್ಲುವುದುಂಟು. ಹೆದ್ದಾರಿಯ ವೇಗ, ಕಾಲುವೆಯ ನೀರು ಮತ್ತು ಬೇಸಿಗೆಯ ಬಿಸಿಲು — ಈ ಮೂರೂ ಕಾರಿನ ಬೀಗ ಹಾಗೂ ಬೆಲ್ಟಿನ ಸರಿಯಾದ ಬಳಕೆಯನ್ನು ಇಲ್ಲಿ ಮುಖ್ಯವಾಗಿಸಿವೆ.

ಕೀಲಿಕೈಯ ಬಗೆಗಳು

ಸಾದಾ ಕೀಲಿಕೈ: ಇದು ಲೋಹದ ಅಲಗು ಮಾತ್ರ ಇರುವ ಹಳೆಯ ಬಗೆ. ಅಲಗಿನ ಹಲ್ಲುಗಳು ಬೀಗದೊಳಗಿನ ತೆಳು ಬಿಲ್ಲೆಗಳನ್ನು ಸರಿಯಾದ ಮಟ್ಟಕ್ಕೆ ತಂದಾಗ ಬೀಗ ತಿರುಗುತ್ತದೆ. ಇದರ ನಕಲನ್ನು ಸುಲಭವಾಗಿ ಮಾಡಿಸಬಹುದಾದ್ದರಿಂದ ಭದ್ರತೆ ಕಡಿಮೆ.

ಇಮೊಬಿಲೈಸರ್ ಕೀಲಿಕೈ: ಇದರ ಹಿಡಿಯಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಸಣ್ಣ ಚಿಪ್ ಇರುತ್ತದೆ. ಕಾರಿನ ಗಣಕ ಘಟಕವು ಚಿಪ್ಪಿನ ಸಂಕೇತವನ್ನು ಗುರುತಿಸಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಅಲಗನ್ನು ಮಾತ್ರ ನಕಲು ಮಾಡಿದ ಕೈಯಿಂದ ಬಾಗಿಲು ತೆರೆದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ.

ರಿಮೋಟ್ ಕೀಲಿಕೈ: ಗುಂಡಿ ಒತ್ತಿದಾಗ ರೇಡಿಯೋ ಸಂಕೇತದಿಂದ ಬಾಗಿಲುಗಳು ಮುಚ್ಚಿ ತೆರೆಯುತ್ತವೆ. ಆಧುನಿಕ ರಿಮೋಟ್‌ಗಳಲ್ಲಿ ಪ್ರತಿ ಸಲವೂ ಸಂಕೇತ ಬದಲಾಗುವುದರಿಂದ ಹಿಂದಿನ ಸಂಕೇತವನ್ನು ಕದ್ದು ದಾಖಲಿಸಿಕೊಂಡರೂ ಮತ್ತೆ ಬಳಸಲಾಗದು.

ಸ್ಮಾರ್ಟ್ ಕೀ: ಇದನ್ನು ಜೇಬಿನಲ್ಲಿಟ್ಟುಕೊಂಡು ಬಾಗಿಲಿನ ಹಿಡಿಕೆಯನ್ನು ಮುಟ್ಟಿದರೆ ಅಥವಾ ಅಲ್ಲಿನ ಗುಂಡಿ ಒತ್ತಿದರೆ ಬೀಗ ತೆರೆಯುತ್ತದೆ, ಎಂಜಿನ್ನನ್ನು ಗುಂಡಿ ಒತ್ತಿ ಚಾಲೂ ಮಾಡಬಹುದು. ಮನೆಯೊಳಗಿರುವ ಕೈಯ ಸಂಕೇತವನ್ನು ಎರಡು ಉಪಕರಣಗಳ ನೆರವಿನಿಂದ ಹೊರಗಿನ ಕಾರಿಗೆ ತಲುಪಿಸಿ ಕಳವು ಮಾಡುವ ವಿಧಾನವೂ ಉಂಟು. ಆದ್ದರಿಂದ ಇಂತಹ ಕೈಯನ್ನು ಮುಂಬಾಗಿಲು ಅಥವಾ ಕಿಟಕಿಯ ಬಳಿ ತೂಗುಹಾಕಬಾರದು. ಸಂಕೇತ ತಡೆಯುವ ಚೀಲದಲ್ಲಿ ಇಡಬಹುದು.

ರಿಮೋಟ್ ಮತ್ತು ಸ್ಮಾರ್ಟ್ ಕೀಗಳಲ್ಲಿ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಅದು ಮುಗಿದರೂ ದಾರಿ ಮುಚ್ಚುವುದಿಲ್ಲ. ಸ್ಮಾರ್ಟ್ ಕೀಯ ಒಡಲಿನಲ್ಲಿ ಸಾಮಾನ್ಯವಾಗಿ ಲೋಹದ ಅಲಗೊಂದು ಅಡಗಿರುತ್ತದೆ. ಅದನ್ನು ಹೊರತೆಗೆದು ಚಾಲಕನ ಬಾಗಿಲನ್ನು ತೆರೆಯಬಹುದು. ಅನಂತರ ಕೀಯನ್ನು ಸ್ಟಾರ್ಟ್ ಗುಂಡಿಗೆ ಅಥವಾ ಕೈಪಿಡಿಯಲ್ಲಿ ಸೂಚಿಸಿದ ಜಾಗಕ್ಕೆ ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ. ಒಳಗಿನ ಟ್ರಾನ್ಸ್‌ಪಾಂಡರ್ ಚಿಪ್ಪಿಗೆ ಬೇಕಾದ ಅಲ್ಪ ಶಕ್ತಿಯನ್ನು ಕಾರೇ ಒದಗಿಸುವುದರಿಂದ ಇದು ಸಾಧ್ಯವಾಗುತ್ತದೆ.

ಕಾರಿನೊಂದಿಗೆ ಸಾಮಾನ್ಯವಾಗಿ ಎರಡು ಕೀಲಿಕೈಗಳು ಬರುತ್ತವೆ. ಎರಡನೆಯದನ್ನು ಕಾರಿನೊಳಗೆ ಇಡದೆ ಮನೆಯಲ್ಲಿ ಎಲ್ಲರಿಗೂ ತಿಳಿದ ಸ್ಥಳದಲ್ಲಿ ಇಡಬೇಕು. ಕಾರು ಕಳುವಾದಾಗ ವಿಮಾ ಸಂಸ್ಥೆಗಳು ಎರಡೂ ಮೂಲ ಕೈಗಳನ್ನು ಕೇಳುವುದು ವಾಡಿಕೆ. ಹಳೆಯ ಕಾರು ಕೊಳ್ಳುವವರು ಎರಡನ್ನೂ ಪಡೆದುಕೊಳ್ಳುವುದು ಒಳ್ಳೆಯದು.

ಬಾಗಿಲ ಬೀಗ

ಸೆಂಟ್ರಲ್ ಲಾಕಿಂಗ್: ಈ ವ್ಯವಸ್ಥೆಯಲ್ಲಿ ಪ್ರತಿ ಬಾಗಿಲಿನ ಬೀಗಕ್ಕೂ ಒಂದು ಸಣ್ಣ ವಿದ್ಯುತ್ ಮೋಟಾರ್ ಇರುತ್ತದೆ. ಒಂದೇ ಗುಂಡಿಯಿಂದ ಎಲ್ಲ ಬಾಗಿಲುಗಳಿಗೂ ಬೀಗ ಬೀಳುತ್ತದೆ. ಅನೇಕ ಕಾರುಗಳಲ್ಲಿ ನಿಗದಿತ ವೇಗ ದಾಟಿದೊಡನೆ ಬೀಗ ತಾನಾಗಿ ಬೀಳುತ್ತದೆ. ಡಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ತಾನಾಗಿ ತೆರೆಯುವ ಏರ್ಪಾಡೂ ಹಲವು ಕಾರುಗಳಲ್ಲಿದೆ.

ಒಳಗಿನಿಂದ ತೆರೆಯುವ ಕ್ರಮ: ವಿದ್ಯುತ್ ಕೈಕೊಟ್ಟಾಗಲೂ ಒಳಗಿನಿಂದ ಬಾಗಿಲನ್ನು ತೆರೆಯಲು ಸಾಧ್ಯವಿರಬೇಕು ಎಂಬುದು ಸುರಕ್ಷತೆಯ ಮೂಲ ತತ್ವ. ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಪ್ರಯಾಣಿಕ ಕಾರುಗಳಲ್ಲಿ ಸೆಂಟ್ರಲ್ ಲಾಕಿಂಗ್ ಇದ್ದರೆ ಅದನ್ನು ಕೈಯಿಂದ ತೆರೆಯುವ ವ್ಯವಸ್ಥೆ ಕಡ್ಡಾಯವಾಗಿದೆ. ಇದರ ವಿಧಾನ ಕಾರಿನಿಂದ ಕಾರಿಗೆ ಭಿನ್ನ. ಕೆಲವು ಕಾರುಗಳಲ್ಲಿ ಒಳಹಿಡಿಕೆಯನ್ನು ಒಮ್ಮೆ ಎಳೆದರೆ ಸಾಕು, ಕೆಲವಲ್ಲಿ ಎರಡು ಬಾರಿ ಎಳೆಯಬೇಕು, ಮತ್ತೆ ಕೆಲವಲ್ಲಿ ಬಾಗಿಲ ಮೇಲಿನ ಗುಬ್ಬಿಯನ್ನು ಮೇಲೆತ್ತಬೇಕು. ಹೊರಗಿನಿಂದ ರಿಮೋಟ್ ಮೂಲಕ ಬೀಗ ಹಾಕಿದಾಗ ಒಳಗಿನ ಲಾಕ್ ಗುಂಡಿ ಕೆಲಸ ಮಾಡದಿರುವ ಕಾರುಗಳೂ ಇವೆ. ಕಾರು ನಿಂತಿರುವಾಗ ಕುಟುಂಬದ ಪ್ರತಿಯೊಬ್ಬರೂ ಪ್ರತಿ ಬಾಗಿಲನ್ನೂ ಒಳಗಿನಿಂದ ಒಮ್ಮೆ ತೆರೆದು ನೋಡುವುದೇ ಇದನ್ನು ಕಲಿಯುವ ನಿಶ್ಚಿತ ಮಾರ್ಗ.

ಮಕ್ಕಳ ಬೀಗ: ಚೈಲ್ಡ್ ಲಾಕ್ ಎಂದು ಕರೆಯಲಾಗುವ ಇದು ಹಿಂದಿನ ಎರಡು ಬಾಗಿಲುಗಳ ಅಂಚಿನಲ್ಲಿ, ಕೊಂಡಿಯ ಸಮೀಪ ಇರುತ್ತದೆ. ಬಾಗಿಲು ತೆರೆದಾಗ ಮಾತ್ರ ಕಾಣುವ ಸಣ್ಣ ಸನ್ನೆಯನ್ನು ಸರಿಸಿ ಅಥವಾ ಕೀಲಿಕೈಯಿಂದ ತಿರುಗಿಸಿ ಇದನ್ನು ಹಾಕಲಾಗುತ್ತದೆ. ಹಾಕಿದ ಮೇಲೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಓಡುವ ಕಾರಿನಲ್ಲಿ ಮಗು ಹಿಡಿಕೆ ಎಳೆದು ಬೀಳುವುದನ್ನು ಇದು ತಪ್ಪಿಸುತ್ತದೆ. ಆದರೆ ಹಿಂದೆ ಕುಳಿತ ವೃದ್ಧರಿಗೂ ಇದೇ ನಿರ್ಬಂಧ ಅನ್ವಯಿಸುವುದರಿಂದ ಅವರಿಗೆ ಮೊದಲೇ ತಿಳಿಸಬೇಕು. ಬಾಡಿಗೆ ಕಾರುಗಳಲ್ಲಿ ಇದರ ದುರ್ಬಳಕೆಯನ್ನು ತಡೆಯಲು 2019ರ ಜುಲೈ 1ರಿಂದ ಹೊಸ ಟ್ಯಾಕ್ಸಿಗಳಲ್ಲಿ ಮಕ್ಕಳ ಬೀಗವನ್ನು ನಿಷೇಧಿಸಲಾಗಿದೆ.

ನಿಲ್ಲಿಸಿದ ಕಾರಿನಲ್ಲಿ ಮಕ್ಕಳು

ಸೂರ್ಯನ ಬೆಳಕು ಗಾಜಿನ ಮೂಲಕ ಒಳಹೊಕ್ಕು ಆಸನ ಮತ್ತು ಡ್ಯಾಶ್‌ಬೋರ್ಡನ್ನು ಕಾಯಿಸುತ್ತದೆ. ಅವು ಹೊರಸೂಸುವ ಶಾಖ ಹೊರಹೋಗಲಾರದೆ ಒಳಗೇ ಉಳಿಯುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳ ಉಷ್ಣತೆ 10 ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು, ಒಂದು ಗಂಟೆಯಲ್ಲಿ 20 ಡಿಗ್ರಿಗೂ ಹೆಚ್ಚು ಏರಬಲ್ಲದು. ಕಿಟಕಿಯನ್ನು ಒಂದೆರಡು ಬೆರಳಿನಷ್ಟು ತೆರೆದಿಟ್ಟರೆ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮಗುವಿನ ದೇಹವು ವಯಸ್ಕರ ದೇಹಕ್ಕಿಂತ 3ರಿಂದ 5 ಪಟ್ಟು ವೇಗವಾಗಿ ಬಿಸಿಯಾಗುತ್ತದೆ. ಹೊರಗೆ 40 ಡಿಗ್ರಿ ಇರುವ ದಿನ ಕೊಪ್ಪಳದ ಸಂತೆಯಲ್ಲಿ 'ಐದು ನಿಮಿಷ' ಎಂದು ಹೇಳಿ ಹೋಗುವುದರ ಅರ್ಥವನ್ನು ಈ ಅಂಕಿಗಳೇ ತಿಳಿಸುತ್ತವೆ.

ಅಪಾಯವು ಮರೆತುಹೋದ ಹಸುಗೂಸಿಗೆ ಮಾತ್ರ ಸೀಮಿತವಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ದ್ವಾರಪೂಡಿ ಗ್ರಾಮದಲ್ಲಿ ಆಟವಾಡುತ್ತಾ ನಿಂತ ಕಾರಿನೊಳಗೆ ಹೋದ ನಾಲ್ವರು ಮಕ್ಕಳು ಹೊರಬರಲಾಗದೆ ಉಸಿರುಗಟ್ಟಿ ಮೃತಪಟ್ಟರು. ಮನೆಯಂಗಳದಲ್ಲಿ ನಿಲ್ಲಿಸಿದ ಕಾರಿಗೂ ಬೀಗ ಹಾಕುವುದು, ಕೀಲಿಕೈಯನ್ನು ಮಕ್ಕಳ ಕೈಗೆ ಆಟಕ್ಕೆ ಕೊಡದಿರುವುದು, ಮಗು ಕಾಣದಾದಾಗ ಮೊದಲು ಕಾರಿನ ಒಳಭಾಗ ಮತ್ತು ಡಿಕ್ಕಿಯನ್ನು ನೋಡುವುದು — ಇವು ಹಳ್ಳಿಗೂ ಪಟ್ಟಣಕ್ಕೂ ಸಮಾನವಾಗಿ ಅನ್ವಯಿಸುವ ನಿಯಮಗಳು. ಒಳಗೆ ಸಿಲುಕಿದರೆ ಮುಂದಿನ ಆಸನಕ್ಕೆ ದಾಟಿ ಹಿಡಿಕೆ ಎಳೆಯಬೇಕು ಮತ್ತು ಹಾರ್ನ್ ಒತ್ತುತ್ತಲೇ ಇರಬೇಕು ಎಂಬುದನ್ನು ಮಕ್ಕಳಿಗೆ ಕಲಿಸಬಹುದು. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಆರಿದ್ದರೂ ಹಾರ್ನ್ ಕೇಳಿಸುತ್ತದೆ.

ಎಂಜಿನ್ ಮತ್ತು ಎ.ಸಿ. ಚಾಲೂ ಇಟ್ಟು ಮಕ್ಕಳನ್ನು ಬಿಟ್ಟುಹೋಗುವುದೂ ಪರಿಹಾರವಲ್ಲ. ಚಾಲಕನ ಆಸನದಲ್ಲಿ ಪರವಾನಗಿ ಉಳ್ಳವರು ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿಯೇ ಹೋಗಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ವಿಧಿಸುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡುತ್ತಿದ್ದರೆ ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ತುಂಬುವ ಭಯವೂ ಇದೆ.

ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್

ಇಂದು ಬಳಕೆಯಲ್ಲಿರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. 1959ರಲ್ಲಿ ಅದು ಕಾರುಗಳಲ್ಲಿ ಬಂದಿತು. ಡಿಕ್ಕಿಯಾದಾಗ ಕಾರು ನಿಂತರೂ ಒಳಗಿನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತದೆ. ಬೆಲ್ಟ್ ಆ ಆಘಾತವನ್ನು ಎದೆಯ ಗೂಡು ಮತ್ತು ಸೊಂಟದ ಗಟ್ಟಿ ಎಲುಬುಗಳಿಗೆ ಹಂಚುತ್ತದೆ. ಆದ್ದರಿಂದ ಮೇಲಿನ ಪಟ್ಟಿ ಭುಜದ ನಡುಭಾಗದ ಮೇಲೆ, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲದೆ ಸೊಂಟದ ಎಲುಬಿನ ಮೇಲೆ ಕೂರಬೇಕು. ಗರ್ಭಿಣಿಯರು ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ಹಾಯಿಸಬೇಕು.

ಏರ್‌ಬ್ಯಾಗ್ ಬೆಲ್ಟಿಗೆ ಪೂರಕವೇ ಹೊರತು ಬದಲಿಯಲ್ಲ. ಅದು ಸೆಕೆಂಡಿನ ಸುಮಾರು ಇಪ್ಪತ್ತನೆಯ ಒಂದು ಭಾಗದಲ್ಲಿ ಬಲವಾಗಿ ಉಬ್ಬುತ್ತದೆ. ಬೆಲ್ಟ್ ಇಲ್ಲದೆ ಮುಂದಕ್ಕೆ ಎಸೆಯಲ್ಪಟ್ಟ ದೇಹಕ್ಕೆ ಅದರ ಬಡಿತವೇ ಗಾಯ ಮಾಡಬಲ್ಲದು. ಚಾಲಕನ ಎದೆಗೂ ಸ್ಟಿಯರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಕುಳಿತುಕೊಳ್ಳಬಾರದು. ಹಿಮ್ಮುಖವಾಗಿ ಕೂರಿಸುವ ಶಿಶು ಆಸನವನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು.

ಹಿಂದಿನ ಆಸನದಲ್ಲಿ ಬೆಲ್ಟ್ ಬೇಡವೆಂಬ ನಂಬಿಕೆ ವ್ಯಾಪಕವಾಗಿದೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ನಡೆದ ಅಪಘಾತದಲ್ಲಿ ಮೃತಪಟ್ಟಾಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರು. ಆ ಬಳಿಕ ಈ ವಿಷಯ ದೇಶದಾದ್ಯಂತ ಚರ್ಚೆಗೆ ಬಂದಿತು. ಬೆಲ್ಟ್ ಹಾಕದೆಯೇ ಎಚ್ಚರಿಕೆಯ ಸದ್ದನ್ನು ನಿಲ್ಲಿಸುವ ಕ್ಲಿಪ್‌ಗಳನ್ನು ಮಾರಾಟದಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿತು.

ಕಾರು ನೀರಿಗೆ ಬಿದ್ದಾಗ

ಕಾಲುವೆ ಅಥವಾ ಕೆರೆಗೆ ಬಿದ್ದ ಕಾರು ತಕ್ಷಣ ಮುಳುಗುವುದಿಲ್ಲ. ಅಲ್ಪ ಕಾಲ ತೇಲುತ್ತದೆ. ಪಾರಾಗಲು ಇರುವ ಸಮಯ ಅದೇ. ನೀರಿನ ಒತ್ತಡದಿಂದಾಗಿ ಬಾಗಿಲನ್ನು ತಳ್ಳಿ ತೆರೆಯುವುದು ಕಠಿಣ. ತೆರೆದರೆ ನೀರು ನುಗ್ಗಿ ಕಾರು ಬೇಗ ಮುಳುಗುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಬೆಲ್ಟ್ ಬಿಚ್ಚುವುದು, ಕಿಟಕಿ ಇಳಿಸುವುದು, ಮಕ್ಕಳನ್ನು ಮೊದಲು ಹೊರಕಳಿಸಿ ತಾವೂ ಹೊರಬರುವುದು. ಫೋನ್ ಕರೆಯನ್ನು ಹೊರಬಂದ ಮೇಲೆ ಮಾಡಬೇಕು. ವಿದ್ಯುತ್ ಕಿಟಕಿಗಳು ನೀರಿಗೆ ಬಿದ್ದ ಆರಂಭದಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತವೆ.

ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜನ್ನು ಒಡೆಯಬೇಕಾಗುತ್ತದೆ. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು. ಅದು ಬಿರಿದರೂ ದಾರಿ ಬಿಡುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಪಕ್ಕದ ಗಾಜು ಹದಗೊಳಿಸಿದ ಒಂದೇ ಪದರದ್ದು. ಮೂಲೆಯಲ್ಲಿ ಚೂಪಾದ ಗಟ್ಟಿ ಮೊನೆಯಿಂದ ಹೊಡೆದರೆ ಸಣ್ಣ ಚೂರುಗಳಾಗಿ ಉದುರುತ್ತದೆ. ಇದಕ್ಕೆಂದೇ ಇರುವ ಸಣ್ಣ ಸುತ್ತಿಗೆಯನ್ನು ಚಾಲಕನ ಕೈಗೆ ಎಟುಕುವಲ್ಲಿ ಇಡಬೇಕು, ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ.

ಕಾನೂನು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಂತೆ ಚಾಲಕ, ಮುಂದಿನ ಪ್ರಯಾಣಿಕ ಹಾಗೂ ಹಿಂದೆ ಮುಂದಕ್ಕೆ ಮುಖಮಾಡಿ ಕುಳಿತವರು ಬೆಲ್ಟ್ ಧರಿಸಬೇಕು. 2019ರ ತಿದ್ದುಪಡಿಯಿಂದ ಸೇರಿದ 194ಬಿ ಕಲಮು ಇದರ ಉಲ್ಲಂಘನೆಗೆ 1,000 ರೂಪಾಯಿ ದಂಡ ವಿಧಿಸುತ್ತದೆ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೂ ಇದೇ ದಂಡ. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಮುಂದಿನ ಎರಡು ಆಸನಗಳ ಬೆಲ್ಟ್ ಸೂಚಕ, ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಮತ್ತು ವೇಗದ ಎಚ್ಚರಿಕೆ ಕಡ್ಡಾಯವಾದವು. ವೇಗದ ಎಚ್ಚರಿಕೆಯು ಗಂಟೆಗೆ 80 ಕಿಲೋಮೀಟರ್ ದಾಟಿದಾಗ ಬಿಟ್ಟು ಬಿಟ್ಟು, 120 ದಾಟಿದಾಗ ನಿರಂತರವಾಗಿ ಕೇಳಿಸುತ್ತದೆ. ಕಾರುಗಳ ಕಿಟಕಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ನಿಷೇಧಿಸಿತು. ಒಳಗೆ ಸಿಲುಕಿದ ಮಗು ಹೊರಗಿನವರಿಗೆ ಕಾಣಿಸಬೇಕಾದರೆ ಗಾಜು ಪಾರದರ್ಶಕವಾಗಿರುವುದು ಅಗತ್ಯ. 2023ರ ಅಕ್ಟೋಬರ್ 1ರಂದು ಆರಂಭವಾದ ಭಾರತ್ ಎನ್‌ಕ್ಯಾಪ್ ಕಾರುಗಳ ಡಿಕ್ಕಿ ಸುರಕ್ಷತೆಯನ್ನು ಪರೀಕ್ಷಿಸಿ ನಕ್ಷತ್ರಗಳ ಅಂಕ ನೀಡುತ್ತದೆ.

ನಿತ್ಯದ ಬಳಕೆಯ ಕ್ರಮ

- ಹೊರಡುವ ಮುನ್ನ: ಎಲ್ಲರೂ ಬೆಲ್ಟ್ ಹಾಕಿದ್ದಾರೆಯೇ, ಬಾಗಿಲುಗಳು ಪೂರ್ತಿ ಮುಚ್ಚಿವೆಯೇ ಎಂದು ನೋಡುವುದು.
- ಇಳಿಯುವಾಗ: ಹಿಂದಿನ ಆಸನವನ್ನು ಒಮ್ಮೆ ತಿರುಗಿ ನೋಡುವುದು, ಕೀಲಿಕೈ ಕೈಯಲ್ಲಿದೆಯೆಂದು ಖಚಿತಪಡಿಸಿಕೊಂಡು ಬಾಗಿಲು ಮುಚ್ಚುವುದು.
- ಬೀಗ ಹಾಕಿದ ಮೇಲೆ: ದೀಪ ಮಿನುಗಿದ್ದನ್ನು ನೋಡಿ, ಹಿಡಿಕೆಯನ್ನು ಒಮ್ಮೆ ಎಳೆದು ಪರೀಕ್ಷಿಸುವುದು.
- ತಿಂಗಳಿಗೊಮ್ಮೆ: ಮಕ್ಕಳ ಬೀಗದ ಸ್ಥಿತಿಯನ್ನೂ ಎರಡನೆಯ ಕೀಲಿಕೈಯನ್ನೂ ಪರಿಶೀಲಿಸುವುದು.
- ಮಗು ಒಳಗೆ ಸಿಲುಕಿದಾಗ: ಎರಡನೆಯ ಕೀಲಿಕೈ ಕೂಡಲೇ ಸಿಗದಿದ್ದರೆ ಮಗುವಿನಿಂದ ದೂರದ ಪಕ್ಕದ ಗಾಜನ್ನು ಒಡೆಯುವುದು ಮತ್ತು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033 ಸಂಖ್ಯೆಯೂ ಇದೆ.