ಕಂಬಳದ ಕರೆಯಲ್ಲಿ ನ್ಯಾಯದ ಗೆರೆ

ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಇಂದು ಬೈಲನ್ನು ಹುಡುಕಿದರೆ ಸಿಗುವುದಿಲ್ಲ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ, ಕಾರಾಗೃಹದ ಎತ್ತರದ ಗೋಡೆ, ಅಂಗಡಿ ಮುಂಗಟ್ಟುಗಳು, ಬಹುಮಹಡಿ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಆದರೆ ಹೆಸರು ಹಳೆಯದನ್ನು ಮರೆತಿಲ್ಲ. ತುಳುನಾಡಿನ ರೈತರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಎತ್ತರದ, ಮಳೆ ನಂಬಿದ ಗದ್ದೆ ಬೆಟ್ಟು, ನಡುವಿನದು ಮಜಲು, ತಗ್ಗಿನಲ್ಲಿದ್ದು ನೀರು ನಿಲ್ಲುವ ಗದ್ದೆ ಬೈಲು. ಕೊಂಕಣಿ ಮಾತಾಡುವವರಿಗೆ ಮಂಗಳೂರೆಂದರೆ ಕೊಡಿಯಾಲ. ಆ ಕೊಡಿಯಾಲದ ಬೈಲೇ ಕೊಡಿಯಾಲ್‌ಬೈಲ್. ಅಲ್ಲಿಂದ ತುಸು ದೂರದಲ್ಲಿ ಕದ್ರಿ ಕಂಬಳ ಎಂಬ ಇನ್ನೊಂದು ಬಡಾವಣೆ ಇದೆ. ಅಲ್ಲಿಯೂ ಗದ್ದೆ ಹೋಗಿ ಮನೆಗಳು ಬಂದಿವೆ, ಕಂಬಳದ ಹೆಸರು ಮಾತ್ರ ರಸ್ತೆಯ ಫಲಕದ ಮೇಲೆ ಉಳಿದಿದೆ.

ಕೋಣಗಳ ಓಟವೆಂದು ಹೊರಗಿನವರು ಬಲ್ಲ ಕಂಬಳದ ವೇಗ, ಅಬ್ಬರ, ಕೆಸರು ಇವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅಷ್ಟಾಗಿ ಚರ್ಚೆಗೆ ಬಾರದಿರುವುದು ಅದರ ತೀರ್ಪು. ಗೆದ್ದವರು ಯಾರೆಂದು ಹೇಳುವವರು ಯಾರು, ತಪ್ಪೆಂದರೆ ಯಾವುದು, ತಪ್ಪಿಗೆ ದಂಡ ಏನು, ಮುಖ್ಯವಾಗಿ ಈ ನಿಯಮಗಳೆಲ್ಲ ಯಾರಿಗೆ ನ್ಯಾಯ ಒದಗಿಸಲು ಹುಟ್ಟಿದವು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಕಂಬಳದ ಚರಿತ್ರೆ ಬೇರೆಯದೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಹಿಂದೆ ಕಂಬಳವೆಂದರೆ ಎಲ್ಲೆಡೆಯೂ ಪಂದ್ಯವಾಗಿರಲಿಲ್ಲ. ಬೇಸಾಯದ ಆಚರಣೆಯಾಗಿ, ದೈವದೇವರ ಹೆಸರಿನಲ್ಲಿ, ಗುತ್ತುಬರ್ಕೆಗಳ ಯಜಮಾನಿಕೆಯಲ್ಲಿ ಕೋಣಗಳನ್ನು ಗದ್ದೆಗಿಳಿಸುತ್ತಿದ್ದರು. ಅಲಂಕರಿಸಿದ ಕಂಬವನ್ನು ಗದ್ದೆಯ ನಡುವೆ ನೆಡುವ ಪೂಕರೆ ಕಂಬಳದಂಥ ಆಚರಣೆಗಳಲ್ಲಿ ಸೋಲುಗೆಲುವಿನ ಲೆಕ್ಕಕ್ಕಿಂತ ಸಂಪ್ರದಾಯ ನಡೆಯುವುದೇ ಮುಖ್ಯ. ಚೆನ್ನಾಗಿ ಓಡಿದ ಜೋಡಿಗೆ ತೆಂಗಿನಕಾಯಿ, ಬಾಳೆಗೊನೆ ಕೊಟ್ಟು ಗೌರವಿಸಿದರೆ ಆಯಿತು. ಇಂಥ ಕಡೆ ತೀರ್ಪುಗಾರನ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಅಕ್ಕಪಕ್ಕ ಎರಡು ಕರೆಗಳನ್ನು ಮಾಡಿ ಎರಡು ಜೋಡಿಗಳನ್ನು ಒಟ್ಟಿಗೆ ಬಿಡುವ ಜೋಡುಕರೆ ಕಂಬಳ ಬಂದಾಗ ಪರಿಸ್ಥಿತಿ ಬದಲಾಯಿತು. ಮೂಡುಬಿದಿರೆಯ ಕೋಟಿ-ಚೆನ್ನಯ, ಐಕಳದ ಕಾಂತಾಬಾರೆ-ಬೂದಾಬಾರೆ, ಉಪ್ಪಿನಂಗಡಿಯ ವಿಜಯ-ವಿಕ್ರಮ, ಜಪ್ಪಿನಮೊಗರಿನ ಜಯ-ವಿಜಯ ಹೀಗೆ ಕರೆಗಳಿಗೆ ಜೋಡಿ ಹೆಸರುಗಳಿವೆ. ಬಹುಮಾನ ಬಾಳೆಗೊನೆಯಿಂದ ಚಿನ್ನದ ಪವನಿಗೆ ಏರಿತು. ಯಜಮಾನರ ಮನೆತನದ ಪ್ರತಿಷ್ಠೆ, ವರ್ಷವಿಡೀ ಕೋಣ ಸಾಕಿದ ಖರ್ಚು, ಓಡಿಸುವವನ ಹೆಸರು ಎಲ್ಲವೂ ಕೆಲವೇ ಸೆಕೆಂಡುಗಳ ಓಟಕ್ಕೆ ಕಟ್ಟಿಬಿದ್ದವು. ತೀರ್ಪು ತೂಕದ ಮಾತಾಯಿತು.

ಸಮಾನರ ನಡುವೆ ಮಾತ್ರ ಪಂದ್ಯ ಎಂಬುದು ನ್ಯಾಯದ ಮೊದಲ ಪಾಠ. ಕಂಬಳ ಅದನ್ನು ವಿಭಾಗಗಳ ಮೂಲಕ ಸಾಧಿಸಿತು. ಹಗುರವಾದ ನೇಗಿಲು ಕಟ್ಟಿ ಓಡಿಸುವುದು ಒಂದು, ಹಗ್ಗ ಹಿಡಿದು ಓಡಿಸುವುದು ಇನ್ನೊಂದು, ಅಡ್ಡ ಹಲಗೆ ಮತ್ತೊಂದು. ನೇಗಿಲು, ಹಗ್ಗಗಳಲ್ಲಿ ಹಿರಿಯ, ಕಿರಿಯ ಎಂಬ ಒಳವಿಭಾಗಗಳುಂಟು. ಹಲ್ಲು ನೋಡಿ ಪ್ರಾಯ ಹೇಳುವುದು ಸಾಕಣೆ ಬಲ್ಲವರ ಹಳೆಯ ವಿದ್ಯೆ. ಎಳೆಯ ಕೋಣ ಬಲಿತ ಕೋಣದ ಎದುರು ಓಡಬೇಕಾಗಿ ಬರಬಾರದು ಎಂಬ ವಿವೇಕ ಇಲ್ಲಿದೆ.

ಇವೆಲ್ಲಕ್ಕಿಂತ ಭಿನ್ನವಾದದ್ದು ಕನೆಹಲಗೆ. ತೂತುಗಳಿರುವ ಮರದ ತುಂಡಿನ ಮೇಲೆ ಕಾಲೂರಿ ನಿಂತು ಓಡಿಸುವಾಗ ತೂತಿನಿಂದ ನೀರು ಚಿಮ್ಮುತ್ತದೆ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ಅದಕ್ಕೆ ತಾಗಿದರೆ ಗೆಲುವು. ಇಲ್ಲಿ ಎದುರಾಳಿಯನ್ನು ಸೋಲಿಸಬೇಕಾಗಿಲ್ಲ, ಎತ್ತರವನ್ನು ಮುಟ್ಟಿದರೆ ಸಾಕು, ಮುಟ್ಟಿದವರೆಲ್ಲರೂ ಗೆದ್ದವರೇ. ಒದ್ದೆಯಾದ ಬಟ್ಟೆಯೇ ಸಾಕ್ಷಿ ಹೇಳುವುದರಿಂದ ವಾದಕ್ಕೆ ಎಡೆ ಕಡಿಮೆ.

ಓಟದಲ್ಲಿ ಈ ಅನುಕೂಲವಿಲ್ಲ. ಕೋಣಗಳು ಗಂತಿನಿಂದ ಹೊರಟು ಮಂಜೊಟ್ಟಿಯನ್ನು ಮುಟ್ಟುವಾಗ ಎರಡೂ ಜೋಡಿಗಳ ಸುತ್ತ ಕೆಸರುನೀರಿನ ಪರದೆ ಎದ್ದಿರುತ್ತದೆ. ಯಾವ ಕೋಣದ ಮೂತಿ ಮೊದಲು ಗೆರೆ ದಾಟಿತು ಎಂಬುದನ್ನು ಬರಿಗಣ್ಣಿನಲ್ಲಿ ನೋಡಿ ಹೇಳುವವನಿಗೆ ಎಷ್ಟೇ ಪ್ರಾಮಾಣಿಕತೆ ಇದ್ದರೂ ಕಣ್ಣಿಗೊಂದು ಮಿತಿ ಇದ್ದೇ ಇದೆ. ತೀರ್ಪುಗಾರ ನಿಂತ ಜಾಗ ಒಂದು ಮೊಳ ಆಚೀಚೆಯಾದರೂ ನೋಟ ಬದಲಾಗುತ್ತದೆ. ಸೋತ ಕಡೆಯವರಿಗೆ ಪಕ್ಷಪಾತದ ಸಂಶಯ ಬರಲು ಇಷ್ಟು ಸಾಕು. ಇದಕ್ಕೆ ಪರಿಹಾರವಾಗಿಯೇ ಲೇಸರ್ ಕಿರಣದ ವ್ಯವಸ್ಥೆ, ವಿಡಿಯೊ ಪರಿಶೀಲನೆ ಕಂಬಳಕ್ಕೆ ಬಂದವು. ಈಗ ಸೆಕೆಂಡಿನ ನೂರರ ಒಂದು ಭಾಗವೂ ಲೆಕ್ಕಕ್ಕೆ ಸಿಗುತ್ತದೆ.

ಯಂತ್ರ ಬಂದರೆ ಜಗಳ ಮುಗಿಯುತ್ತದೆಯೇ? ಬೇರೆ ಆಟಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಕ್ರಿಕೆಟ್‌ನಲ್ಲಿ 1992ರ ನವೆಂಬರ್‌ನಲ್ಲಿ ಡರ್ಬಾನ್ ಟೆಸ್ಟ್‌ನಲ್ಲಿ ಟಿವಿ ಅಂಪೈರ್ ತೀರ್ಪಿನಿಂದ ರನ್‌ಔಟ್ ಆದ ಮೊದಲ ಆಟಗಾರ ಸಚಿನ್ ತೆಂಡೂಲ್ಕರ್. ಬ್ಯಾಟು ಗೆರೆ ದಾಟಿತೇ ಇಲ್ಲವೇ ಎಂಬುದು ಕ್ಯಾಮೆರಾ ಹೇಳಬಲ್ಲ ಮಾತು. ಆದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಡೆದದ್ದು ನೋಡಿ. ಅಲ್ಲಿನ ವೃತ್ತಿಪರ ಲೀಗ್ 1986ರಲ್ಲಿ ಟಿವಿ ಮರುವೀಕ್ಷಣೆಯನ್ನು ತಂದು, 1992ರಲ್ಲಿ ಕೈಬಿಟ್ಟು, 1999ರಲ್ಲಿ ಮತ್ತೆ ತಂದಿತು. 2019ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ತಂಡ ಫೈನಲ್ ತಲುಪುವ ಹಂತದಲ್ಲಿದ್ದಾಗ, ಚೆಂಡು ಕೈಗೆ ಬರುವ ಮೊದಲೇ ಅದರ ಆಟಗಾರನನ್ನು ಎದುರಾಳಿ ಢಿಕ್ಕಿ ಹೊಡೆದು ಕೆಡವಿದ. ಕೋಟ್ಯಂತರ ಜನ ಟಿವಿಯಲ್ಲಿ ಕಂಡ ಆ ತಪ್ಪಿಗೆ ಮೈದಾನದಲ್ಲಿದ್ದ ತೀರ್ಪುಗಾರರು ದಂಡ ವಿಧಿಸಲಿಲ್ಲ, ತಂಡ ಸೋತಿತು. ಗದ್ದಲದ ಬಳಿಕ ಅಂಥ ತಪ್ಪುಗಳನ್ನೂ ವಿಡಿಯೊದಲ್ಲಿ ಪರಿಶೀಲಿಸುವ ನಿಯಮ ಬಂತು. ಅದು ಬಾಳಿದ್ದು ಒಂದೇ ಋತು. ಕ್ಯಾಮೆರಾ ಢಿಕ್ಕಿಯನ್ನು ತೋರಿಸಿತು. ಆದರೆ ಎಷ್ಟು ಢಿಕ್ಕಿ ಆಟ, ಎಷ್ಟು ಢಿಕ್ಕಿ ತಪ್ಪು ಎಂಬುದನ್ನು ಮತ್ತೆ ಮನುಷ್ಯರೇ ಹೇಳಬೇಕಾಯಿತು, ಅವರಲ್ಲಿ ಒಮ್ಮತ ಮೂಡಲಿಲ್ಲ.

ಗೆರೆಯ ತೀರ್ಪು ಬೇರೆ, ವಿವೇಚನೆಯ ತೀರ್ಪು ಬೇರೆ. ಕಂಬಳ ಮೊದಲನೆಯದನ್ನು ಬಹುಮಟ್ಟಿಗೆ ಬಗೆಹರಿಸಿಕೊಂಡಿದೆ. ಎರಡನೆಯದರಲ್ಲಿ ಅದರ ಚರಿತ್ರೆ ಅಷ್ಟು ಹಗುರವಾದುದಲ್ಲ.

ಯಜಮಾನರ ನಡುವಿನ ನ್ಯಾಯಕ್ಕೆ ಇಷ್ಟೆಲ್ಲ ಕಾಳಜಿ ವಹಿಸಿದ ಆಟದ ಗದ್ದೆಯಲ್ಲಿ ನಿಯಮದ ಹೊರಗೇ ಉಳಿದವರಿದ್ದರು. ಕಂಬಳದ ಹಿಂದಿನ ರಾತ್ರಿ ಕೊರಗರು ಮಂಜಿನಲ್ಲಿ ಕುಳಿತು ಡೋಲು ಬಾರಿಸುತ್ತ ಬೆಳಗು ಮಾಡಬೇಕಿತ್ತು. ಇದಕ್ಕೆ ಪನಿಕುಲ್ಲುನಿ ಎಂಬ ಹೆಸರು. ತುಳುವಿನಲ್ಲಿ ಪನಿ ಎಂದರೆ ಹನಿ, ಇಬ್ಬನಿ. ಕರೆಯಲ್ಲಿ ಮುಳ್ಳು, ಗಾಜಿನ ಚೂರು ಇದ್ದರೆ ಕೋಣದ ಕಾಲಿಗೆ ತಾಗದಿರಲೆಂದು ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವ ರೂಢಿಯೂ ಇತ್ತು. ಕೋಣದ ಕಾಲಿಗಿದ್ದ ಬೆಲೆ ಮನುಷ್ಯನ ಕಾಲಿಗೆ ಇರಲಿಲ್ಲ ಎಂದೇ ಇದರರ್ಥ. ಇದನ್ನು ತಪ್ಪೆಂದು ಕೂಗಿ ಹೇಳುವ ತೀರ್ಪುಗಾರ ಮಂಜೊಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಅದನ್ನು ತಪ್ಪೆನ್ನುವ ನಿಯಮವೇ ಇರಲಿಲ್ಲ. ಕೊರಗರ ಮೇಲೆ ಹೇರಲಾಗಿದ್ದ ಇಂಥ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಮಾಡಿದ್ದು 2000ದಲ್ಲಿ. ದಂಡದ ನಿಯಮ ಕರೆಯ ಒಳಗಿನಿಂದ ಹುಟ್ಟಲಿಲ್ಲ, ವಿಧಾನಸಭೆಯಿಂದ ಬಂತು.

ಎರಡನೆಯ ಬಾರಿ ಹೊರಗಿನ ಪ್ರಶ್ನೆ ಬಂದದ್ದು ಕೋಣಗಳ ಪರವಾಗಿ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳ ಪ್ರಕರಣದಲ್ಲಿ, ಪ್ರಾಣಿಗಳಿಗೂ ಅನಗತ್ಯ ನೋವಿನಿಂದ ಮುಕ್ತವಾಗಿರುವ ಹಕ್ಕುಂಟು ಎಂದು ತೀರ್ಪು ನೀಡಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರ್‌ನಲ್ಲಿ ಹೈಕೋರ್ಟಿನ ತಡೆಯಿಂದ ಕರೆಗಳು ಖಾಲಿ ಉಳಿದವು. 2017ರ ಜನವರಿಯಲ್ಲಿ ಮಂಗಳೂರು, ಮೂಡುಬಿದಿರೆಗಳಲ್ಲಿ ಕಂಬಳದ ಅಭಿಮಾನಿಗಳು ಬೀದಿಗಿಳಿದರು. ರಾಜ್ಯ ಸರ್ಕಾರ 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಅನುಮತಿಯ ಜೊತೆ ಷರತ್ತೂ ಇದೆ: ಕೋಣಗಳಿಗೆ ಅನಗತ್ಯ ನೋವು ಆಗಬಾರದು, ಕಾನೂನು ಕಟ್ಟುನಿಟ್ಟಾಗಿ ಜಾರಿಯಾಗಬೇಕು, ಅದರ ಹೊಣೆ ಜಿಲ್ಲಾಡಳಿತದ್ದು.

ಅಂದರೆ ಈಗ ಕಂಬಳಕ್ಕೆ ಇಬ್ಬರು ತೀರ್ಪುಗಾರರು. ಒಬ್ಬರು ಮಂಜೊಟ್ಟಿಯಲ್ಲಿ ಗೆರೆ ನೋಡುವವರು, ಇನ್ನೊಬ್ಬರು ಕಾನೂನಿನ ಪರವಾಗಿ ಬೆತ್ತ ನೋಡುವವರು. ಮೊದಲನೆಯವರ ಕೈಯಲ್ಲಿ ಲೇಸರ್ ಇದೆ, ಎರಡನೆಯವರಿಗೆ ಬರಿಗಣ್ಣೇ ಗತಿ. ಬೆತ್ತ ಬೀಸಿದ್ದು ಗಾಳಿಗೋ ಬೆನ್ನಿಗೋ, ತಾಗಿದ್ದು ಹುರಿದುಂಬಿಸಲೋ ಹಿಂಸಿಸಲೋ ಎಂಬುದನ್ನು ಯಾವ ಕಿರಣವೂ ಅಳೆದು ಕೊಡುವುದಿಲ್ಲ. ಗೆಲುವಿನ ಆತುರದಲ್ಲಿರುವ ಯಜಮಾನ ಸುಳ್ಳು ಫಲಿತಾಂಶದ ವಿರುದ್ಧ ತಾನೇ ದನಿಯೆತ್ತಬಲ್ಲ; ಪೆಟ್ಟು ತಿಂದ ಕೋಣ ಮೇಲ್ಮನವಿ ಸಲ್ಲಿಸಲಾರದು.

ಈ ಅಸಮತೋಲನ ಎಷ್ಟು ಆಳವಾದುದೆಂಬುದಕ್ಕೆ 2020ರ ಒಂದು ಪ್ರಸಂಗ ಉದಾಹರಣೆ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಮಾಡಿದ 9.58ರ ದಾಖಲೆಗೆ ಹೋಲಿಸಿ ದೇಶವೇ ಸಂಭ್ರಮಿಸಿತು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷಾ ಓಟಕ್ಕೆ ಕರೆಯೂ ಬಂತು. ಅವರು ವಿನಯದಿಂದಲೇ ಅದನ್ನು ಒಪ್ಪಲಿಲ್ಲ. ಕೆಸರಿನಲ್ಲಿ ಓಡುವುದೂ ಟ್ರ್ಯಾಕಿನಲ್ಲಿ ಓಡುವುದೂ ಒಂದಲ್ಲ ಎಂಬುದನ್ನು ಓಡಿದವರೇ ಬಲ್ಲರು. ಆ ಸಮಯ ಒಬ್ಬನದಲ್ಲ, ಅವನನ್ನು ಎಳೆದೊಯ್ದ ಎರಡು ಕೋಣಗಳದ್ದೂ ಹೌದು ಎಂಬ ಮಾತು ಆ ಸಂಭ್ರಮದಲ್ಲಿ ಹೆಚ್ಚು ಕೇಳಿಬರಲಿಲ್ಲ.

ಕಂಬಳ ಈಗ ಹಳ್ಳಿಯ ಗದ್ದೆಯಲ್ಲೇ ನಿಂತಿಲ್ಲ. 2017ರಿಂದ ಮಂಗಳೂರು ನಗರದೊಳಗೇ ಬಂಗ್ರ ಕೂಳೂರಿನಲ್ಲಿ ರಾಮ-ಲಕ್ಷ್ಮಣ ಜೋಡುಕರೆ ಕಂಬಳ ನಡೆಯುತ್ತಿದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಕೋಣಗಳು ಹೋಗಿಬಂದವು. ನೋಡುವ ಕಣ್ಣುಗಳು ಹೆಚ್ಚಿದಂತೆ ಕೇಳುವ ಪ್ರಶ್ನೆಗಳೂ ಹೆಚ್ಚುತ್ತವೆ. ಅದನ್ನು ಆಟದ ವೈರಿಗಳ ಕಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಕೊರಗರಿಗೆ ಆದ ಅನ್ಯಾಯವನ್ನಾಗಲಿ ಕೋಣಗಳ ನೋವನ್ನಾಗಲಿ ಕರೆಯ ಒಳಗಿದ್ದವರು ತಾವಾಗಿ ತಪ್ಪೆಂದು ಬರೆದುಕೊಳ್ಳುವ ಮೊದಲೇ ಹೊರಗಿನವರು ಬರೆಯಬೇಕಾಯಿತು ಎಂಬುದನ್ನು ಚರಿತ್ರೆ ತೋರಿಸುತ್ತದೆ. ಗೆರೆಯನ್ನು ಕಾಣಲು ಸೆಕೆಂಡಿನ ನೂರರ ಒಂದು ಭಾಗದಷ್ಟು ಸೂಕ್ಷ್ಮವಾದ ಆಟ, ಬೆತ್ತದ ವಿಷಯದಲ್ಲೂ ಅಷ್ಟೇ ಸೂಕ್ಷ್ಮವಾಗುವುದಾದರೆ, ಕಂಬಳವನ್ನು ಉಳಿಸಲು ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರಲಾರದು. ಹಾಗಾಗದಿದ್ದರೆ, ಕೊಡಿಯಾಲದ ಬೈಲಿನಂತೆ ಕಂಬಳವೂ ಒಂದು ದಿನ ರಸ್ತೆಯ ಫಲಕದ ಮೇಲಿನ ಹೆಸರಾಗಿ ಮಾತ್ರ ಉಳಿದೀತು.